ಬೀದಿಯ ಹೊಗೆ ಇಳಿಸುವುದು ಹೇಗೆ? ತರಗೆಲೆಯಿಂದ ಶುರು ಮಾಡಿ

ಗಾಳಿ ಕೆಟ್ಟಿದೆ ಎಂದ ಕೂಡಲೇ ಎಲ್ಲರೂ ಕಾರ್ಖಾನೆಯ ಚಿಮಣಿಯತ್ತ ಬೆರಳು ತೋರಿಸುತ್ತಾರೆ. ಅದರ ಪಾಲು ಇದ್ದೇ ಇದೆ. ಆದರೆ ಚಿಮಣಿಯ ಹೊಗೆ ಎತ್ತರದಲ್ಲಿ ಹೊರಬಿದ್ದು ಎಷ್ಟೋ ಚದುರಿ ಹೋಗುತ್ತದೆ. ಮನೆ ಮುಂದೆ ಸುಡುವ ಕಸದ ಹೊಗೆ ಮಾತ್ರ ಏಳುವುದೇ ನಮ್ಮ ಮೂಗಿನ ಮಟ್ಟದಲ್ಲಿ. ಹಾಗಾಗಿ ಹತ್ತಿರದ ಹೊಗೆಗೇ ಮೊದಲು ಕೈ ಹಾಕೋಣ.

ಮೊದಲು ಗಮನಿಸಿ

ಒಂದು ವಾರ ಸುಮ್ನೆ ಗಮನಿಸಿ. ಹೊಗೆ ವಾಸನೆ ಯಾವ ಹೊತ್ತಿಗೆ ಬರುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ ಎಂದು ಬರೆದಿಡಿ. ಮೊಬೈಲ್‌ನಲ್ಲಿ ಕಾಣುವ ಗಾಳಿಯ ಗುಣಮಟ್ಟದ ಅಂಕಿ ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನು ಅಳೆಯುವ ಯಂತ್ರ ಕೆಲವು ಕಿಲೋಮೀಟರ್ ದೂರದಲ್ಲಿರಬಹುದು. ನಿಮ್ಮ ಬೀದಿಯ ಬೆಂಕಿ ಅದಕ್ಕೆ ಕಾಣಿಸದೇ ಹೋಗಬಹುದು.

ಆ ಅಂಕಿಯಲ್ಲಿ ನೋಡಬೇಕಾದ್ದು ಪಿಎಂ 2.5. ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣ. ನಮ್ಮ ತಲೆಗೂದಲು ಅದರ ಸುಮಾರು 20ರಿಂದ 30 ಪಟ್ಟು ದಪ್ಪ. ಇಷ್ಟು ಸಣ್ಣದಾದ್ದರಿಂದಲೇ ಅದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಗಾಳಿಯ ಪ್ರತಿ ಘನ ಮೀಟರ್‌ಗೆ ವರ್ಷದ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2005ರ ಮಾರ್ಗಸೂಚಿಯಲ್ಲಿ ಇದು 10 ಇತ್ತು.

ಚಳಿಗಾಲದ ಮುಂಜಾನೆ ಹೊಗೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ. ಹೊಗೆ ಮೇಲೇರಲು ದಾರಿಯಿಲ್ಲ. ಆ ಹೊತ್ತಿನಲ್ಲಿ ಹಚ್ಚಿದ ಸಣ್ಣ ಬೆಂಕಿಯೂ ಇಡೀ ಬೀದಿಯನ್ನು ಕೆಮ್ಮಿಸುತ್ತದೆ.

ತರಗೆಲೆ ಸುಡುವುದನ್ನು ಬಿಡಿ

ನನ್ನನ್ನು ಕೇಳಿದರೆ, ಇದೊಂದನ್ನೇ ಮಾಡಿದರೂ ಸಾಕಷ್ಟು ಮಾಡಿದಂತೆ. ಗುಡಿಸಿ ರಾಶಿ ಹಾಕಿದ ಎಲೆಯಲ್ಲಿ ತೇವ ಇರುತ್ತದೆ. ಅದು ಧಗಧಗ ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ಸರಿಯಾಗಿ ಉರಿಯದ ಬೆಂಕಿಯಿಂದಲೇ ಹೊಗೆಯ ಕಣ ಜಾಸ್ತಿ. ಅದರ ಜೊತೆ ಪ್ಲಾಸ್ಟಿಕ್ ಸೇರಿದರೆ ಇನ್ನೂ ಕೆಟ್ಟದ್ದು. ನೀರಿನ ಪೈಪ್ ಮಾಡುವ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ.

ಸುಡದೆ ಏನು ಮಾಡುವುದು? ನೆರಳಿರುವ ಒಂದು ಮೂಲೆ ಹುಡುಕಿ. ಸುಮಾರು ಒಂದು ಮೀಟರ್ ಅಗಲಕ್ಕೆ ತಂತಿ ಜಾಲರಿಯನ್ನು ಗುಂಡಗೆ ಸುತ್ತಿ ನಿಲ್ಲಿಸಿ. ಎಲೆಯನ್ನು ಕಾಲಲ್ಲಿ ತುಳಿದು ಪುಡಿ ಮಾಡಿ ಹಾಕಿ, ಬೇಗ ಕೊಳೆಯುತ್ತದೆ. ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿರು ಹುಲ್ಲು ಅಥವಾ ತರಕಾರಿ ಸಿಪ್ಪೆ, ಹೀಗೆ ಪದರ ಪದರವಾಗಿ ತುಂಬಿ, ನೀರು ಚಿಮುಕಿಸಿ. ನೀರು ಎಷ್ಟು? ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಹೆಚ್ಚಾಯಿತು, ಏನೂ ಬರದಿದ್ದರೆ ಕಡಿಮೆ. ವಾರಕ್ಕೊಮ್ಮೆ ಕೋಲಿನಿಂದ ತಿರುವಿ ಹಾಕಿ. ಕೆಟ್ಟ ವಾಸನೆ ಬಂದರೆ ಇನ್ನಷ್ಟು ಒಣ ಎಲೆ ಸೇರಿಸಿ. ಕೆಲವು ತಿಂಗಳಲ್ಲಿ ಕಪ್ಪನೆಯ ಗೊಬ್ಬರ ಸಿಗುತ್ತದೆ. ಬರೀ ಎಲೆಯನ್ನೇ ತುಂಬಿ ತಿರುವದೆ ಬಿಟ್ಟರೆ ವರ್ಷವೇ ಹಿಡಿಯಬಹುದು. ಅಷ್ಟೂ ಪುರುಸೊತ್ತಿಲ್ಲವೇ? ಎಲೆಯನ್ನು ಗಿಡದ ಬುಡಕ್ಕೆ ಹರಡಿ. ನೆಲದ ತೇವ ಉಳಿಯುತ್ತದೆ.

ಸಣ್ಣ ಓಡಾಟಕ್ಕೆ ಗಾಡಿ ಬೇಡ

ಕಾರಿನ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂದರೆ ಮೊದಲ ಒಂದೆರಡು ಕಿಲೋಮೀಟರ್‌ನಲ್ಲೇ ಹೊಗೆ ಅತಿ ಕೊಳಕು. ಹತ್ತಿರದ ಅಂಗಡಿಗೆ ಕಾರು ತೆಗೆದಾಗ ನಾವು ಬಿಡುವುದು ಆ ಕೊಳಕು ಹೊಗೆಯನ್ನೇ. ನಡೆದುಹೋಗಿ, ಇಲ್ಲವೇ ಸೈಕಲ್ ತೆಗೆಯಿರಿ. ಕಾರು ಬೇಕೇ ಬೇಕು ಅಂದರೆ ನಾಲ್ಕು ಕೆಲಸ ಒಟ್ಟುಗೂಡಿಸಿ ಒಂದೇ ಸುತ್ತಿನಲ್ಲಿ ಮುಗಿಸಿ.

ನಿಂತಾಗ ಎಂಜಿನ್ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡಿದರೆ ಇಂಧನ ಜಾಸ್ತಿ ಸುಡುತ್ತದೆ ಎಂಬ ಮಾತು ಇಂದಿನ ಕಾರುಗಳಿಗೆ ಹೊಂದುವುದಿಲ್ಲ. 10 ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡಿದ್ದೇ ಲಾಭ. ಶಾಲೆಯ ಗೇಟಿನ ಮುಂದಂತೂ ಇದನ್ನು ಮರೆಯಬೇಡಿ. ಮಕ್ಕಳ ಮುಖ ಇರುವುದು ಹೊಗೆಕೊಳವೆಯ ಎತ್ತರಕ್ಕೆ ಹತ್ತಿರ. ಟೈರ್‌ನಲ್ಲಿ ಗಾಳಿ ಸರಿಯಾಗಿರಲಿ. ಎಲೆಕ್ಟ್ರಿಕ್ ಗಾಡಿ ಹೊಗೆ ಬಿಡುವುದಿಲ್ಲ ನಿಜ, ಆದರೆ ಟೈರ್ ಸವೆದು ಏಳುವ ಧೂಳು ಅದಕ್ಕೂ ತಪ್ಪಿದ್ದಲ್ಲ.

ಧೂಳು, ಬಣ್ಣ, ಮರ

ಗುಡಿಸುವ ಮೊದಲು ನೀರು ಚಿಮುಕಿಸಿ. ಮನೆ ಕಟ್ಟಿಸುತ್ತಿದ್ದರೆ ಮರಳಿನ ರಾಶಿಗೆ ಟಾರ್ಪಾಲಿನ್ ಹೊದಿಸಿ. ಗೋಡೆಗೆ ನೀರಿನಲ್ಲಿ ಕಲಸುವ ಬಣ್ಣ ಆರಿಸಿ, ಥಿನ್ನರ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ. ಆ ಆವಿಯೂ ವಾಹನದ ಹೊಗೆಯೂ ಬಿಸಿಲಿಗೆ ಸಿಕ್ಕರೆ ನೆಲಮಟ್ಟದಲ್ಲಿ ಓಝೋನ್ ಎಂಬ, ಉಸಿರಾಟಕ್ಕೆ ಕೆಡುಕು ಮಾಡುವ ಅನಿಲ ಆಗುತ್ತದೆ.

ಗಿಡ ನೆಡಿ, ಖಂಡಿತ ನೆಡಿ. ಆದರೆ ಅದೊಂದರಿಂದಲೇ ಹೊಗೆ ಹೋಗುತ್ತದೆ ಎಂಬ ನಂಬಿಕೆ ಬೇಡ. ರಸ್ತೆಗೂ ಕಾಲುದಾರಿಗೂ ನಡುವೆ ದಟ್ಟವಾದ ಬೇಲಿಗಿಡ ಇದ್ದರೆ ನಡೆಯುವವರಿಗೆ ಅನುಕೂಲ. ಎರಡೂ ಕಡೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟಿನ ರಸ್ತೆಯಲ್ಲಿ ಮರಗಳು ತೀರಾ ಒತ್ತಾಗಿ ಬೆಳೆದರೆ ಹೊಗೆ ಕೆಳಗೇ ಸಿಕ್ಕಿಹಾಕಿಕೊಳ್ಳುವುದೂ ಉಂಟು.

ಪಕ್ಕದವರು ಸುಡುತ್ತಿದ್ದರೆ?

ಮೊದಲೇ ಜಗಳಕ್ಕೆ ಹೋಗಬೇಡಿ. ‘ನಿಮ್ಮ ಎಲೆ ನಮ್ಮ ಗೊಬ್ಬರದ ಜಾಲರಿಗೆ ಹಾಕಿ’ ಎಂದು ಕರೆಯಿರಿ. ಬಹಳ ಜನ ಸುಡುವುದು ರಾಶಿಯನ್ನು ಎಲ್ಲಿ ಹಾಕಬೇಕೋ ಗೊತ್ತಾಗದೆ. ಅದಕ್ಕೂ ಜಗ್ಗದಿದ್ದರೆ ಸ್ಥಳೀಯ ಆಡಳಿತಕ್ಕೆ ದೂರು ಕೊಡಿ. ‘ಇಲ್ಲಿ ಯಾವಾಗಲೂ ಹೊಗೆ’ ಎಂದು ಬರೆದರೆ ಯಾರೂ ಬರುವುದಿಲ್ಲ. ಜಾಗ, ದಿನ, ಹೊತ್ತು, ಏನು ಸುಡುತ್ತಿದ್ದರು ಎಂಬುದನ್ನು ಬರೆದು ಫೋಟೊ ಸೇರಿಸಿ. ವಾರವಿಡೀ ಬರೆದಿಟ್ಟ ಟಿಪ್ಪಣಿ ಇಲ್ಲಿ ಕೆಲಸಕ್ಕೆ ಬರುತ್ತದೆ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಅದೇ ಜಾಗದಲ್ಲಿ ಮತ್ತೆ ಹೊಗೆ ಕಂಡರೆ ಹಳೆಯ ಸಂಖ್ಯೆಯನ್ನೇ ನಮೂದಿಸಿ ಹೊಸ ಫೋಟೊ ಕಳಿಸಿ.