ರಿಟೈರ್ ಆದ್ಮೇಲೆ ಸಾವಯವ ತೋಟದಲ್ಲಿ ಕೆಲಸ ಮಾಡೋ ಆಸೆನಾ? ಹೀಗೆ ಶುರು ಮಾಡಿ

ಊರಲ್ಲಿ ಗದ್ದೆ ಪಾಲಾಗಿ ಹೋಯ್ತು, ಇಲ್ಲಿ ಡೊಂಬಿವಲಿ ಬಾಲ್ಕನಿಲಿ ನಾಲ್ಕು ಕುಂಡ ಅಷ್ಟೇ, ಕೈಗೆ ಮಣ್ಣು ಹತ್ತೋ ಕೆಲಸ ಎಲ್ಲಿ ಸಿಗುತ್ತೆ ಅಂತ ರಿಟೈರ್ ಆದ ನಮ್ಮ ಮುಂಬೈ ಕನ್ನಡದವರು ಕೇಳ್ತಾನೇ ಇರ್ತಾರೆ. ಸಿಗುತ್ತೆ. ದಿನಕ್ಕೆ ನಾಲ್ಕೈದು ಗಂಟೆ ಕೆಲಸ, ಬದಲಿಗೆ ಊಟ ಮತ್ತೆ ಇರೋಕೆ ಜಾಗ, ಸಂಬಳ ಇಲ್ಲ. 1971ರಲ್ಲಿ ಸೂ ಕೊಪರ್ಡ್ ಅನ್ನೋ ಲಂಡನ್ನಿನ ಸೆಕ್ರೆಟರಿ ಶುರು ಮಾಡಿದ ವೂಫ್ (WWOOF) ಅನ್ನೋ ಜಾಲ ಇದೇ ಲೆಕ್ಕದಲ್ಲಿ ನಡೆಯೋದು, ಭಾರತದಲ್ಲೂ ಇದೆ, ವರ್ಷದ ಮೆಂಬರ್‌ಶಿಪ್ ತಗೊಂಡ್ರೆ ತೋಟದವರ ಜೊತೆ ನೇರ ಮಾತಾಡ್ಬಹುದು.

ಮೊದಲು ತಿಂಗಳು ಆರಿಸಿ, ತೋಟ ಆಮೇಲೆ. ಜುಲೈಲಿ ಕರ್ಜತ್, ಮುರ್ಬಾಡ್ ಕಡೆ ಹಸಿರು ನೋಡಿ ಎಲ್ಲರಿಗೂ ಆಗ್ಲೇ ಓಡ್ಬೇಕು ಅನ್ಸುತ್ತೆ, ಆದ್ರೆ ಅದು ಭತ್ತದ ನಾಟಿ ಟೈಮು, ಇಡೀ ಹೊತ್ತು ಕೆಸರಲ್ಲಿ ಬಗ್ಗಿರ್ಬೇಕು, ಮಂಡಿ ಸೊಂಟ ಕೈಕೊಡುತ್ತೆ, ನಿಂತ ನೀರಲ್ಲಿ ಇಲಿಜ್ವರದ ಭಯ ಬೇರೆ. ನವೆಂಬರಿಂದ ಫೆಬ್ರವರಿ ವಾಸಿ. ಭತ್ತ ಕೊಯ್ದ ಗದ್ದೆಲಿ ಉಳಿದ ತೇವಕ್ಕೇ ವಾಲ್, ಅಂದ್ರೆ ಅವರೆ, ಬಿತ್ತಿರ್ತಾರೆ, ತರಕಾರಿ ಮಡಿ ಇರುತ್ತೆ, ಬಿಸಿಲೂ ಹದ.

ಆಮೇಲೆ ತೋಟದವರಿಗೆ ಫೋನ್ ಮಾಡಿ, ನಾಚಿಕೆ ಬಿಟ್ಟು ಕೇಳಿ: ಕಮೋಡ್ ಇದ್ಯಾ, ರಾತ್ರಿ ಬಾತ್‌ರೂಮಿಗೆ ಎಷ್ಟು ದೂರ ನಡೀಬೇಕು, ಹತ್ತಿರದ ಆಸ್ಪತ್ರೆ ಎಲ್ಲಿ. ನಿಮ್ಮ ಬಿಪಿ ಶುಗರ್ ವಿಷಯಾನೂ ಹೇಳ್ಬಿಡಿ. ಇರೋಕೆ ರೇಟ್ ಹೇಳಿದ್ರೆ ಅದು ಆಗ್ರೋ ಟೂರಿಸಂ, ತಪ್ಪೇನಿಲ್ಲ, ಆದ್ರೆ ಅಲ್ಲಿ ನೀವು ಗಿರಾಕಿ.

ಕೆಲಸ ಏನು ಕೇಳ್ಬೇಕು? ಬೀಜ ಆರಿಸೋದು, ನರ್ಸರಿ ಚೀಲ ತುಂಬೋದು, ಗಿಡದ ಬುಡಕ್ಕೆ ಒಣ ಎಲೆ ಮುಚ್ಚೋದು. ಜೀವಾಮೃತ ಅನ್ನೋ ದ್ರವ ಗೊಬ್ಬರ ಮಾಡೋದು ಕಲೀರಿ. ನೈಸರ್ಗಿಕ ಕೃಷಿ ಹೇಳಿಕೊಡೋ ಸುಭಾಷ್ ಪಾಳೇಕರ್ ಹೇಳಿದ ಲೆಕ್ಕ ಒಂದು ಎಕರೆಗೆ 200 ಲೀಟರ್ ನೀರು, 10 ಕೆಜಿ ನಾಟಿ ಹಸು ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ನೆರಳಲ್ಲಿಟ್ಟು ಎರಡು ಮೂರು ದಿನ ಕೋಲಲ್ಲಿ ತಿರುಗಿಸ್ತಾ ಇರೋದು. ತಿರುಗಿಸೋದು ನಿಮ್ದು, ಬಕೆಟ್ ಎತ್ತೋದು ಹುಡುಗರ್ದು.

ಬ್ಯಾಂಕಲ್ಲಿ, ಹೋಟೆಲ್ ಗಲ್ಲಾದಲ್ಲಿ ಕೂತವರಿಗೆ ನನ್ನ ಪ್ರಕಾರ ಇನ್ನೂ ಒಳ್ಳೆ ಕೆಲಸ ಇದೆ. ಪಿಜಿಎಸ್ ಅನ್ನೋ ಸಾವಯವ ಸರ್ಟಿಫಿಕೇಟಲ್ಲಿ ಕನಿಷ್ಠ ಐದು ರೈತರು ಗುಂಪು ಕಟ್ಟಿ ಒಬ್ಬರ ತೋಟ ಇನ್ನೊಬ್ಬರು ತಪಾಸಣೆ ಮಾಡ್ತಾರೆ, ಅದಕ್ಕೆ ಏನು ಬಿತ್ತಿದ್ವಿ ಏನು ಹಾಕಿದ್ವಿ ಅಂತ ಬರೆದಿಡ್ಬೇಕು, ಸಂಜೆ ಸುಸ್ತಾಗಿ ಬಂದ ರೈತ ಬರೆಯೋಕೆ ಕೂರ್ತಾನಾ? ಲೆಕ್ಕದ ಪುಸ್ತಕ ನಿಮ್ಮ ಕೈಗೆ ಬಂದ್ರೆ ಅವರಿಗೂ ನೆಮ್ಮದಿ.

ಹೊರಡೋ ಮುಂಚೆ ಡಾಕ್ಟರ್ ಹತ್ರ ಟೆಟನಸ್ ಇಂಜೆಕ್ಷನ್ ಕೇಳಿ, ಹತ್ತು ವರ್ಷಕ್ಕೊಮ್ಮೆ ಬೇಕು. ಗಮ್‌ಬೂಟ್, ಟಾರ್ಚ್, ನಾಲ್ಕು ದಿನಕ್ಕೆ ಹೆಚ್ಚಾಗೋಷ್ಟು ಮಾತ್ರೆ. ಮೊದಲ ಸಲ ಎರಡೇ ರಾತ್ರಿ, ವಾರದ ಮಧ್ಯೆ, ಲೋಕಲ್ ಟ್ರೈನ್ ಹೋಗೋ ಊರಿಗೇ, ಯಾಕಂದ್ರೆ ಸರಿಹೋಗ್ಲಿಲ್ಲ ಅಂದ್ರೆ ಕರ್ಜತಿಂದ ಎರಡು ಗಂಟೇಲಿ ದಾದರ್ ಸೇರ್ಕೋಬಹುದು.

ಗಂಡ ಹೆಂಡ್ತಿ ಇಬ್ರೂ ಹೋಗೋದಾದ್ರೆ ಇಬ್ಬರ ಕೆಲಸಾನೂ ಮೊದಲೇ ಮಾತಾಡ್ಕೊಳ್ಳಿ. ಇಲ್ಲಾಂದ್ರೆ ಯಜಮಾನ್ರು ತೋಟ ಸುತ್ತುತ್ತಾ ಇರ್ತಾರೆ, ಯಜಮಾನ್ತಿ ಅಲ್ಲೂ ಹೋಗಿ ರೊಟ್ಟಿ ತಟ್ತಾ ಕೂತಿರ್ತಾರೆ.