ಹಳೇ 407 ಟರ್ಬೋಗೆ ಆಯಿಲ್ ಡಬ್ಬಿ ಮಾಡಿ ಕೂರಿಸೋದು ಹೆಂಗೆ

ನಮ್ದು ಹಳೇ ಟಾಟಾ 407 ಟರ್ಬೋ ಲಾರಿ, ಮೆಕ್ಕೆಜೋಳದ ಸೀಸನ್ನಲ್ಲಿ ಜಗಳೂರು ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಲೋಡ್ ಹೊಡೀತೈತೆ, ಉಳಿದ ದಿನ ಸಿಕ್ಕಿದ್ದು. ಒಂದಿನ ಏರ್ ಫಿಲ್ಟರಿಂದ ಟರ್ಬೋಗೆ ಹೋಗೋ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿದ್ರೆ ಪೂರ್ತಿ ಎಣ್ಣೆ, ಹೋಸ್ ತುದಿ ಮಳೇಲಿ ನೆನೆದ ಹವಾಯಿ ಚಪ್ಪಲಿ ಥರ ಮೆತ್ತಗಾಗಿತ್ತು. ನೋಡಿದವ್ರೆಲ್ಲ ಟರ್ಬೋ ಸೀಲ್ ಹೋಗೈತೆ ಬದಲಾಯಿಸು ಅಂದ್ರು. ಆದ್ರೆ ಸರಿಯಾಗಿ ನೋಡಿದ್ರೆ ಎಣ್ಣೆ ಗೆರೆ ಶುರುವಾಗಿದ್ದು ಟರ್ಬೋ ಬಾಯಲ್ಲಲ್ಲ, ಅದಕ್ಕಿಂತ ಒಂದು ಗೇಣು ಮುಂಚೆ, ಎಂಜಿನ್ ಮೇಲಿನ ಟ್ಯಾಪೆಟ್ ಕವರಿಂದ ಬರೋ ಬ್ರೀದರ್ ಪೈಪ್, ಅಂದ್ರೆ ಎಂಜಿನ್ ಒಳಗಿನ ಗ್ಯಾಸ್ ಹೊರಗೆ ಬಿಡೋ ಪೈಪ್, ಸೇರೋ ಜಾಗದಲ್ಲಿ. ಟರ್ಬೋ ಶಾಫ್ಟ್ ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗೇ ಇತ್ತು. ಸಾವಿರಾರು ರೂಪಾಯಿ ಉಳೀತು, ಒಂದು ಡಬ್ಬೀಲಿ ಕೆಲ್ಸ ಮುಗೀತು.

ಇದು ಯಾಕೆ ಆಗುತ್ತೆ ಅಂದ್ರೆ, ಈ ಗಾಡೀಲಿರೋ 497 ಎಂಜಿನ್ ಅಂದ್ರೆ 4 ಸಿಲಿಂಡರ್, 97 ಎಂಎಂ ಬೋರ್, 2956 ಸಿಸಿ, ಪ್ರತಿ ಸಲ ಫೈರ್ ಆದಾಗ್ಲೂ ಸ್ವಲ್ಪ ಗ್ಯಾಸ್ ಪಿಸ್ಟನ್ ರಿಂಗ್ ದಾಟಿ ಕೆಳಗೆ ಎಣ್ಣೆ ಇರೋ ಚೇಂಬರಿಗೆ ಇಳಿಯುತ್ತೆ, ಹೊಸ ಎಂಜಿನ್ನಲ್ಲೂ ಇಳಿಯುತ್ತೆ, ರಿಂಗ್ ಸವೆದಷ್ಟೂ ಜಾಸ್ತಿ. ಆ ಗ್ಯಾಸು ಎಣ್ಣೆ ಹಬೆ ಎತ್ಕೊಂಡು ಬ್ರೀದರಿಂದ ಹೊರಗೆ ಬಂದು ಇನ್‌ಟೇಕಿಗೆ, ಅಂದ್ರೆ ಎಂಜಿನ್ ಗಾಳಿ ಎಳೆಯೋ ದಾರಿಗೆ, ಹೋಗುತ್ತೆ. ನಾವು ಮಾಡೋದಿಷ್ಟೇ, ನಡುವೆ ಒಂದು ಡಬ್ಬಿ ಇಟ್ಟು ಎಣ್ಣೆ ಅಲ್ಲಿ ಇಳಿಯಂಗೆ ಮಾಡಿ ಬರೀ ಗಾಳಿ ಮುಂದಕ್ಕೆ ಬಿಡೋದು. ಮೈಲೇಜ್ ಬರುತ್ತೆ, ಪವರ್ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ನನಗಂತೂ ಬಂದಿಲ್ಲ.

ಮೊದ್ಲು ಒಂದು ಟೆಸ್ಟ್. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಲ್ಲಿ ಬಿಟ್ಟು ಆಯಿಲ್ ಹಾಕೋ ಕ್ಯಾಪ್ ತೆಗೆದು ಅದೇ ಬಾಯಿ ಮೇಲೆ ಬೋರಲು ಇಡ್ರಿ. ಸ್ವಲ್ಪ ಅಲ್ಲಾಡಿದ್ರೆ ಪರ್ವಾಗಿಲ್ಲ. ಕ್ಯಾಪ್ ಕುಣಿದು ಕೆಳಗೆ ಬಿದ್ದು ಬುಸುಬುಸು ಹೊಗೆ ಬಂತಂದ್ರೆ ನಿಮಗೆ ಬೇಕಾಗಿರೋದು ಡಬ್ಬಿ ಅಲ್ಲ, ರಿಂಗ್ ಕೆಲ್ಸ. ಹಂಗೇ ಬಿಎಸ್4, ಬಿಎಸ್6 ಗಾಡೀಲಿ ಇದನ್ನ ಮುಟ್ಟಕ್ಕೇ ಹೋಗ್ಬೇಡಿ, ನಾನು ಹೇಳ್ತಿರೋದು ಹಳೇ ಗಾಡಿಗೆ ಮಾತ್ರ.

ಡಬ್ಬಿಗೆ ನಾನು ಗುಜರಿ ಅಂಗಡೀಲಿ ತೂಕದ ಲೆಕ್ಕದಲ್ಲಿ 4 ಇಂಚಿನ ಕಬ್ಬಿಣದ ಪೈಪ್ ತುಂಡು ತಂದೆ, 10 ಇಂಚು ಉದ್ದ, ಸುಮಾರು 2 ಲೀಟರ್ ಹಿಡಿಯುತ್ತೆ. ಕೆಳಗೆ ಪ್ಲೇಟ್ ವೆಲ್ಡಿಂಗ್, ಮೇಲೆ ಬೋಲ್ಟ್ ಹಾಕಿ ಬಿಚ್ಚೋ ಮುಚ್ಚಳ, ನಡುವೆ ಕಾರ್ಕ್ ಪ್ಯಾಕಿಂಗ್. ಒಳಗೆ ಬರೋ ನಿಪ್ಪಲ್ ಪಕ್ಕದಿಂದ, ಅರ್ಧಕ್ಕಿಂತ ಸ್ವಲ್ಪ ಮೇಲೆ, ಗಾಳಿ ಗೋಡೆಗೆ ಬಡಿದು ಸುತ್ತು ಹೊಡಿಯಂಗೆ ಓರೆಯಾಗಿ. ಹೊರಗೆ ಹೋಗೋ ನಿಪ್ಪಲ್ ಮುಚ್ಚಳದಲ್ಲಿ. ಎರಡರ ಮಧ್ಯೆ ತೂತು ಹೊಡೆದ ತಗಡು, ಅದ್ರ ಮೇಲೆ ಪಾತ್ರೆ ತಿಕ್ಕೋ ಸ್ಟೀಲ್ ಜುಂಗು ಎರಡು, ಅದ್ರ ಮೇಲೆ ಮತ್ತೆ ಒಂದು ತೂತಿನ ತಗಡು. ಈ ಮೇಲಿನ ತಗಡು ಬಿಟ್ಬಿಡಬೇಡಿ, ಜುಂಗಿನ ಒಂದು ಎಳೆ ಕಿತ್ಕೊಂಡು ಹೋದ್ರೂ ಸೀದಾ ಟರ್ಬೋ ರೆಕ್ಕೆಗೇ ಹೋಗೋದು. ದಪ್ಪ ಎಳೆಯ ಸ್ಟೇನ್‌ಲೆಸ್ ಜುಂಗೇ ತಗೊಳ್ರಿ, ತುಕ್ಕು ಹಿಡಿಯೋದು ಬೇಡ.

ನಿಪ್ಪಲ್ ಸೈಜ್ ಕಂಪನಿ ಬ್ರೀದರ್ ಪೈಪಿಗಿಂತ ಒಂದು ನೂಲೂ ಚಿಕ್ಕದಾಗ್ಬಾರ್ದು. ತಳದಲ್ಲಿ ಅರ್ಧ ಇಂಚಿನ ಡ್ರೈನ್ ಪ್ಲಗ್. ಬಾಲ್ ವಾಲ್ವ್ ಹಾಕಿದ್ರೆ ಸುಲಭ ನಿಜ, ಆದ್ರೆ ಅದ್ರ ಹಿಡಿ ಯಾವುದಕ್ಕಾದ್ರೂ ತಾಗಿ ತೆರ್ಕೊಂಡ್ರೆ ರೋಡ್ ತುಂಬಾ ಎಣ್ಣೆ, ಹಿಂದೆ ಬರೋ ಬೈಕ್‌ನವ್ನ ಕಥೆ ಅಷ್ಟೇ.

ವೆಲ್ಡಿಂಗ್ ಆದ ಮೇಲೆ ಅರ್ಧ ದಿನ ಬರೀ ಕ್ಲೀನಿಂಗಿಗೆ ಇಡ್ರಿ. ನನ್ನ ಡಬ್ಬಿ ಹೊರಗಿಂದ ಚೊಕ್ಕಾಗಿ ಕಾಣ್ತಿತ್ತು, ಸುತ್ತಿಗೇಲಿ ನಾಕು ಏಟು ತಟ್ಟಿ ಬಿಳೀ ಬಟ್ಟೆ ಮೇಲೆ ಬೋರಲು ಹಾಕಿದ್ರೆ ಸಾಸಿವೆ ಗಾತ್ರದ ಕಪ್ಪು ವೆಲ್ಡಿಂಗ್ ಕಿಟ್ಟ ಸುರೀತು, ಎರಡ್ನೇ ಸಲನೂ ಬಂತು, ಮೂರ್ನೇ ಸಲ ವೈರ್ ಬ್ರಷ್ ಹಾಕಿ ಡೀಸೆಲಲ್ಲಿ ತೊಳೆದ ಮೇಲೆ ನಿಂತಿದ್ದು. ಆಮೇಲೆ ಡೀಸೆಲ್ ತುಂಬಿ ಒಂದು ರಾತ್ರಿ ಪೇಪರ್ ಮೇಲೆ ಇಟ್ಟೆ, ಸೋರಿದ್ರೆ ಬೆಳಗ್ಗೆ ಪೇಪರೇ ಹೇಳುತ್ತೆ.

ಕೂರಿಸೋ ಜಾಗ ಸೈಲೆನ್ಸರ್ ಮ್ಯಾನಿಫೋಲ್ಡ್, ಟರ್ಬೋ ಇವುಗಳಿಂದ ದೂರ ಇರ್ಲಿ, ಬಿಸಿ ಕಬ್ಬಿಣದ ಮೇಲೆ ಎಣ್ಣೆ ತೊಟ್ಟಿಕ್ಕಿದ್ರೆ ಬೆಂಕಿ. ಡಬ್ಬಿ ಬ್ರೀದರಿಗಿಂತ ಕೆಳಗಿರ್ಬೇಕು, ಪೈಪ್ ಸೀದಾ ಇಳಿಜಾರಾಗಿ ಬರ್ಬೇಕು, ನಡುವೆ ಜೋಲು ಬಿದ್ರೆ ಅಲ್ಲೇ ನೀರು ಎಣ್ಣೆ ನಿಂತು ಕಟ್ಕೊಳುತ್ತೆ. ಡಬ್ಬಿ ಚಾಸಿಸ್ಸಿಗೆ ಫಿಟ್ ಮಾಡಿದ್ರೆ ಎಂಜಿನ್ ಅಲ್ಲಾಡೋದಕ್ಕೆ ಹೋಸಲ್ಲಿ ಸ್ವಲ್ಪ ಸಡಿಲ ಬಿಡ್ರಿ. ಹೋಸ್ ಆಯಿಲ್ ತಡಿಯೋದೇ ಬೇಕು, ಒಳಗೆ ವೈರ್ ಇರೋದು. ಹೀಟರ್ ಹೋಸ್ ನೀರಿಗೆ ಮಾಡಿದ್ದು, ಎಣ್ಣೆಗೆ ಉಬ್ಬುತ್ತೆ. ತೋಟದ ಪೈಪಂತೂ ಕೇಳ್ಲೇಬೇಡಿ.

ಕೇಳ್ಬೇಡಿ ಅಂತಿದೀನಲ್ಲ, ನಾನೇ ಹಾಕಿದ್ದೆ. ಮೊದ್ಲನೇ ಸಲ ಅರ್ಜೆಂಟಲ್ಲಿ ಪ್ಲಾಸ್ಟಿಕ್ ಪೈಪ್ ಹಾಕ್ಕೊಂಡು ಚಿತ್ರದುರ್ಗಕ್ಕೆ ಲೋಡ್ ತಗೊಂಡು ಹೊರಟೆ, ಆನಗೋಡು ದಾಟಿ ಭರಮಸಾಗರ ಬರೋ ಅಷ್ಟ್ರಲ್ಲಿ ಬಿಸಿಗೆ ಪೈಪ್ ಮೆತ್ತಗಾಗಿ ಚಪ್ಪಟೆ ಆಗೈತೆ, ನನಗೆ ಗೊತ್ತೇ ಆಗಿಲ್ಲ. ಗ್ಯಾಸಿಗೆ ದಾರಿ ಇಲ್ದೆ ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್ ಮೂಲಕ ಎಣ್ಣೆ ತಳ್ಳಿಬಿಡ್ತು. ಆ ಸೀಲ್ ರೇಟು ಏನೂ ಇಲ್ಲ, ಆದ್ರೆ ಅದನ್ನ ಹಾಕಕ್ಕೆ ಗೇರ್ ಬಾಕ್ಸ್ ಇಳಿಸ್ಬೇಕು, ಕ್ಲಚ್ ಪ್ಲೇಟಿಗೂ ಎಣ್ಣೆ ಕುಡಿಸಿತ್ತು. ಡಬ್ಬಿಗೆ ಸಾವಿರದೊಳಗೆ ಖರ್ಚು, ಪೈಪಲ್ಲಿ ಉಳಿಸಿದ್ದು ನೂರೋ ಇನ್ನೂರೋ, ದಂಡ ಎಷ್ಟು ಅಂತ ಮನೇಲಿ ಇವತ್ತಿಗೂ ಹೇಳಿಲ್ಲ.

ಮೇಲಿನ ನಿಪ್ಪಲಿಂದ ಹೋಸ್ ವಾಪಸ್ ಹಳೇ ಜಾಗಕ್ಕೇ, ಟರ್ಬೋ ಮುಂದಿನ ಪೈಪಿಗೇ ಕೊಡ್ರಿ. ಕೆಲವ್ರು ರೋಡಿಗೆ ಬಿಡ್ತಾರೆ, ಕ್ಯಾಬಿನ್ನಲ್ಲಿ ಕೂತ್ಕೊಂಡು ದಿನಾ ಆ ವಾಸನೆ ಕುಡೀಬೇಕು, ಕೆಳಗೆಲ್ಲ ಎಣ್ಣೆ ಜಿಡ್ಡಿಗೆ ಧೂಳು ಮೆತ್ತುತ್ತೆ.

ಇನ್ನು ಖಾಲಿ ಮಾಡೋ ವಿಷ್ಯ, ಇಲ್ಲಿ ಸೋಮಾರಿತನ ಮಾಡೋರು ಡಬ್ಬಿ ಹಾಕಿಸ್ಲೇಬೇಡಿ. ಮೊದ್ಲ ವಾರ ದಿನಾ ನೋಡಿದೆ, ನನ್ನ ಗಾಡೀಲಿ ಹತ್ತು ದಿನಕ್ಕೆ ಒಂದು ಟೀ ಲೋಟದಷ್ಟು ಬರುತ್ತೆ. ಡಬ್ಬಿ ತುಂಬಿ, ಗಾಡಿ ಏರು ದಾರೀಲಿ ಎಳೆಯುವಾಗ ಎಣ್ಣೆ ಒಟ್ಟಿಗೇ ಇನ್‌ಟೇಕಿಗೆ ಹೋಯ್ತು ಅನ್ಕೊಳ್ರಿ, ಡೀಸೆಲ್ ಎಂಜಿನ್ ಆ ಎಣ್ಣೇಲೇ ಓಡಕ್ಕೆ ಶುರು ಮಾಡುತ್ತೆ, ಸ್ಟಾಪ್ ಎಳೆದ್ರೂ ಆಫ್ ಆಗಲ್ಲ, ರೇಸ್ ಏರ್ತಾನೇ ಹೋಗುತ್ತೆ. ಅವಾಗ ಗಾಡಿ ನಿಲ್ಸಿ ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ತುಳಿದು ಕ್ಲಚ್ ಬಿಟ್ಟು ಎಂಜಿನ್ ಸಾಯಿಸ್ಬೇಕು. ಏರ್ ಪೈಪ್ ಬಾಯಿಗೆ ಹಲಗೆ ಮುಚ್ಚಿದ್ರೂ ನಿಲ್ಲುತ್ತೆ, ಕೈ ಮಾತ್ರ ಕೊಡ್ಬೇಡಿ.

ಇಳಿಸಿದ ಎಣ್ಣೆ ವಾಪಸ್ ಎಂಜಿನ್ನಿಗೆ ಹಾಕ್ಬೇಡಿ, ಅದ್ರಲ್ಲಿ ನೀರೂ ಮಸಿಯೂ ಇರುತ್ತೆ, ಗ್ಯಾರೇಜ್‌ನವ್ರ ವೇಸ್ಟ್ ಆಯಿಲ್ ಡ್ರಮ್ಮಿಗೆ ಸುರೀರಿ. ಚಳಿಗಾಲದಲ್ಲಿ ಮಂಡಿಯಿಂದ ಗೋಡೌನಿಗೆ ಅಂತ ಊರೊಳಗೇ ಸುತ್ತಿದ್ರೆ ಎಂಜಿನ್ ಪೂರ್ತಿ ಬಿಸಿ ಆಗಲ್ಲ, ಅವಾಗ ಡಬ್ಬೀಲಿ ಹಳದಿ ಬಿಳಿ ನೊರೆ ಬರುತ್ತೆ, ನಮ್ಮ ಕ್ಲೀನರ್ ಹುಡ್ಗ ಅದಕ್ಕೆ ದಾವಣಗೆರೆ ಬೆಣ್ಣೆ ಅಂತಾನೇ ಹೆಸರಿಟ್ಟಾನೆ. ಅದು ಬರೀ ಹಬೆ ನೀರು, ಹೆದರ್ಬೇಡಿ. ಬೇಸಿಗೇಲಿ ಲಾಂಗ್ ಹೊಡೆದು ಬಂದ್ರೂ ಅದೇ ನೊರೆ ಬರ್ತೈತೆ, ರೇಡಿಯೇಟರಲ್ಲಿ ನೀರೂ ಕಮ್ಮಿ ಆಗ್ತೈತೆ ಅಂದ್ರೆ ಮಾತ್ರ ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು ನೋಡ್ರಿ, ಅಲ್ಲೂ ಎಣ್ಣೆ ತೇಲ್ತಿದ್ರೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್ ಹೆಡ್ ಕೆಳಗಿನ ಪ್ಯಾಕಿಂಗ್ ಕಡೆ ಗಮನ ಕೊಡ್ಬೇಕು.