12×15 ಫ್ರೇಮಿಗೆ ಬಾಸಿಂಗ ಕಟ್ ಆಗದ ಹಾಗೆ ಕ್ರಾಪ್: ನನ್ನ ಅನುಭವ

12×18 ಇಂಚಿನ ಪ್ರಿಂಟ್ ಯಾರು ಬೇಕಾದರೂ ಕಳಿಸಬಹುದು. ಕ್ಯಾಮೆರಾ ಸೆನ್ಸರಿನ ಉದ್ದ-ಅಗಲದ ಅನುಪಾತ 3:2, ಕಾಗದದ್ದೂ 3:2. ತಾಪತ್ರಯ ಶುರುವಾಗುವುದು 12×15ಕ್ಕೆ. ನಮ್ಮ ಹಾಸನದ ಕಡೆ ಮದುವೆ ಮನೆಯವರು ಗೋಡೆಗೆ ಜಾಸ್ತಿ ಕೇಳುವುದೇ ಅದನ್ನು. 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಫೋಟೋ 4000×6000 ಬರುತ್ತದೆ. ಅದನ್ನು ಕ್ರಾಪ್ ಮಾಡಿ, ಅಂದರೆ ಅಂಚು ಕತ್ತರಿಸಿ, 12×15ರ ಅನುಪಾತವಾದ 4:5ಕ್ಕೆ ತಂದರೆ ಉಳಿಯುವುದು 4000×5000. ಎತ್ತರದಲ್ಲಿ ಸಾವಿರ ಪಿಕ್ಸೆಲ್ ಹೋಯಿತು. ಧಾರೆ ಫೋಟೋದಲ್ಲಿ ಆ ಸಾವಿರ ಎಲ್ಲಿಂದ ತೆಗೆಯುತ್ತೀರಿ? ಮೇಲೆ ಬಾಸಿಂಗದ ತುದಿ, ಕೆಳಗೆ ಹಾಲು ಬೀಳುವ ಹರಿವಾಣ. ಎರಡೂ ಇರಲೇಬೇಕು.

ಸ್ಟುಡಿಯೋದವರೆಲ್ಲ ಮಾಡುವ ಕ್ರಮ ನಿಮಗೆ ಗೊತ್ತೇ ಇದೆ. ಫೋಟೋಶಾಪ್‌ನ ಕ್ರಾಪ್ ಟೂಲ್‌ನಲ್ಲಿ ಅಗಲ 12 ಇಂಚು, ಎತ್ತರ 15 ಇಂಚು, ರೆಸಲ್ಯೂಷನ್ (ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವುದು) 300 ಅಂತ ಹೊಡೆದು ಎಂಟರ್. ಫೈಲ್ 3600×4500ಕ್ಕೆ ಕರೆಕ್ಟಾಗಿ ಕೂರುತ್ತದೆ. ನೋಡುವುದಕ್ಕೆ ಚೆನ್ನಾಗಿದೆ. ಆದರೆ ಹೀಗೆ ಮಾಡಿದಾಗ ಕತ್ತರಿಸುವುದೂ ಅಳತೆ ಬದಲಾಯಿಸುವುದೂ ಒಂದೇ ಏಟಿಗೆ ಆಗಿಬಿಡುತ್ತದೆ. ಆರು ತಿಂಗಳು ಬಿಟ್ಟು ಹುಡುಗಿ ಮನೆಯವರು ಬಂದು "ಅದೇ ಫೋಟೋ 16×20 ಮಾಡಿಕೊಡಿ ಅಣ್ಣಾ" ಅಂದರೆ ಆ ಫೈಲನ್ನು ಎಳೆದು ದೊಡ್ಡದು ಮಾಡಬೇಕು. ಜರಿ ಅಂಚು ಮಂಕಾಗುತ್ತದೆ. ಬರೀ ಅನುಪಾತದಲ್ಲಿ ಕ್ರಾಪ್ ಮಾಡಿ 4000×5000 ಇಟ್ಟಿದ್ದರೆ ಅದೇ ಫೈಲ್ 16×20ಕ್ಕೆ 250 ಡಿಪಿಐನಲ್ಲಿ, ಅಂದರೆ ಇಂಚಿಗೆ 250 ಪಿಕ್ಸೆಲ್ ಲೆಕ್ಕದಲ್ಲಿ, ಒಂದು ಪಿಕ್ಸೆಲ್ಲೂ ಹಿಗ್ಗದೆ ಹೋಗುತ್ತದೆ. ಗೋಡೆ ಮೇಲೆ ನೋಡುವ ಫೋಟೋಗೆ 250 ಧಾರಾಳ ಸಾಕು.

ಅನುಪಾತ ಮೊದಲು, ಅಳತೆ ಕೊನೆಗೆ. ನನ್ನ ಕ್ರಮ ಅಂದರೆ ಇಷ್ಟೇ. ಇದನ್ನು ಹೇಳಿದಾಗ ಪಕ್ಕದ ಊರಿನ ಸ್ಟುಡಿಯೋ ಗೆಳೆಯರು ಒಪ್ಪಲಿಲ್ಲ. "ಸೀಸನ್‌ನಲ್ಲಿ ಉಸಿರಾಡೋಕೆ ಟೈಮಿಲ್ಲ, ಒಂದು ಫೋಟೋಗೆ ಎರಡು ಸಲ ಕೂರೋರು ಯಾರು?" ಅಂದರು. ಪ್ರಿಂಟ್ ಹಾಕುವ ಲ್ಯಾಬಿನ ಆಪರೇಟರ್ ಅಂತೂ "ಸುಮ್ನೆ ಫೈಲ್ ಕಳಿಸಿ ಸಾರ್, ಮಿಷನ್ನೇ ಫಿಟ್ ಮಾಡಿಕೊಳ್ಳುತ್ತೆ" ಅಂದುಬಿಟ್ಟರು. ಮಿಷನ್ ಫಿಟ್ ಮಾಡುವುದು ನಿಜ. ಅದು ನಡುವಿನಿಂದ ಲೆಕ್ಕ ಹಾಕಿ ಮೇಲೂ ಕೆಳಗೂ ಸಮನಾಗಿ ಕತ್ತರಿಸುತ್ತದೆ. ಅದಕ್ಕೆ ಬಾಸಿಂಗ ಗೊತ್ತಾ, ಹರಿವಾಣ ಗೊತ್ತಾ?

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಪ್ರಿಂಟ್, ಲ್ಯಾಮಿನೇಷನ್, ಫ್ರೇಮ್ ಎಲ್ಲ ಸೇರಿ 12×15ಕ್ಕೆ ನನಗೆ ಬೀಳುತ್ತಿದ್ದದ್ದು 400ರ ಆಸುಪಾಸು. ಗಿರಾಕಿಯಿಂದ 800–900 ತಗೊಳ್ಳುತ್ತಿದ್ದೆ. ತುದಿ ಕಟ್ ಆಯಿತು ಅಂತ ವಾಪಸ್ ಬಂದರೆ ಮತ್ತೆ ಪ್ರಿಂಟ್, ಮತ್ತೆ ಬಸ್ಸಿನ ಪಾರ್ಸೆಲ್, ಲ್ಯಾಮಿನೇಷನ್ ಆದ ಹಳೆಯದು ಮೂಲೆಗೆ. ಒಂದು ಫ್ರೇಮಿನ ಲಾಭ ಪೂರ್ತಿ ಹೋದ ಹಾಗೆ. ಸೀಸನ್ ಮುಗಿಯುವ ಹೊತ್ತಿಗೆ ಹೀಗೆ ಹತ್ತಿರ ಹತ್ತಿರ ಏಳೆಂಟು ಸಾವಿರ ಸೋರಿ ಹೋಗುತ್ತಿತ್ತು.

ನಿಜವಾದ ತಿರುವು ಸಿಕ್ಕಿದ್ದು ಒಂದು ಗೆರೆ ಫೋಟೋದಿಂದ. 3600×4500 ಬಿಳಿ ಫೈಲ್ ತಗೊಂಡು ನಾಲ್ಕೂ ಅಂಚಿನಿಂದ ಒಳಕ್ಕೆ ಒಂದೊಂದು ಮಿಲಿಮೀಟರಿಗೆ ಒಂದು ಗೆರೆ ಎಳೆದೆ. ಐದನೇ ಗೆರೆ ಕೆಂಪು, ಹತ್ತನೆಯದು ನೀಲಿ, ಪಕ್ಕದಲ್ಲಿ ನಂಬರ್. ಅದನ್ನೇ ಪ್ರಿಂಟಿಗೆ ಕಳಿಸಿದೆ. ಬಂದ ಕಾಗದದಲ್ಲಿ 1 ಇರಲಿಲ್ಲ. 2 ಅರ್ಧ ಇತ್ತು. ಮೇಲಿನ ಅಂಚಿನಲ್ಲಿ 2 ಪೂರ್ತಿ ಮಾಯ. ಬಿಳಿ ಅಂಚು ಉಳಿಯಬಾರದು ಅಂತ ಮಿಷನ್ ಚಿತ್ರವನ್ನು ಒಂಚೂರು ಹಿಗ್ಗಿಸುತ್ತದೆ, ಅದರಲ್ಲಿ ಹೋದದ್ದು ಅದು. ಆಮೇಲೆ ಅದೇ ಕಾಗದವನ್ನು ಫ್ರೇಮ್ ಹಾಕಿಸಿದೆ. ಮರದ ಪಟ್ಟಿ ಎಲ್ಲ ಕಡೆಯಿಂದ ಇನ್ನೂ 5 ಮಿಲಿಮೀಟರ್ ನುಂಗಿತು. ಒಟ್ಟು 7. 300 ಡಿಪಿಐ ಲೆಕ್ಕದಲ್ಲಿ ಅದು ಸುಮಾರು 80 ಪಿಕ್ಸೆಲ್. ಬಾಸಿಂಗದ ತುದಿಗೂ ಫೈಲಿನ ಅಂಚಿಗೂ ನಡುವೆ ನಾವು ಬಿಡುವ ಜಾಗವೇ ಅಷ್ಟಿರುತ್ತದೆ ಅಲ್ವಾ? ಫೈಲ್‌ನಲ್ಲಿ ಸರಿ ಇದ್ದದ್ದು ಗೋಡೆ ಮೇಲೆ ಕಟ್ ಆಗುತ್ತಿದ್ದದ್ದು ಇದಕ್ಕೇ.

ಈಗ ಮಾಡುವುದು ಹೀಗೆ. ಮೊದಲು ಫೋಟೋ ನೆಟ್ಟಗೆ ಮಾಡಿಕೊಳ್ಳುತ್ತೇನೆ. ಕ್ರಾಪ್ ಆದಮೇಲೆ ತಿರುಗಿಸಿದರೆ ಮೂಲೆಗಳು ಖಾಲಿ ಬರುತ್ತವೆ. ಕ್ರಾಪ್ ಟೂಲ್‌ನಲ್ಲಿ ರೇಷಿಯೋ 4:5 ಮಾತ್ರ, ರೆಸಲ್ಯೂಷನ್‌ಗೆ ಏನೂ ಇಲ್ಲ. ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್ ಎದುರಿಗಿರುವ ಟಿಕ್ ತೆಗೆಯುವುದನ್ನು ಮರೆಯಬೇಡಿ. ಟಿಕ್ ಇಲ್ಲದಿದ್ದರೆ ಕತ್ತರಿಸಿದ ಭಾಗ ಹೋಗುವುದಿಲ್ಲ, ಬರೀ ಮರೆಯಾಗಿರುತ್ತದೆ. ಆಮೇಲೆ ಮೇಲಿನ ಲೇಯರಿಗೆ ನಾನು ಮಾಡಿಟ್ಟಿರುವ ಕೆಂಪು ಪಟ್ಟಿ ತಂದು ಹಾಕುತ್ತೇನೆ. ಆ 7 ಮಿಲಿಮೀಟರ್ ಜಾಗ ಎಲ್ಲವೂ ಅರ್ಧ ಪಾರದರ್ಶಕ ಕೆಂಪು. ಬಾಸಿಂಗದ ತುದಿ ಕೆಂಪಿಗೆ ತಾಗಿದರೆ ಮೂವ್ ಟೂಲ್ ಹಿಡಿದು ಫೋಟೋವನ್ನು ಕೆಳಗೆ ಸರಿಸುತ್ತೇನೆ. ಮೇಲೆ ಅಡಗಿದ್ದ ಭಾಗ ತಾನಾಗಿಯೇ ಇಳಿದು ಬರುತ್ತದೆ. ಸರಿ ಅನ್ನಿಸಿದ ಮೇಲೆ ಫೋಟೋಶಾಪ್‌ನ ಸ್ವಂತ ಫೈಲ್ ಆದ ಪಿಎಸ್‌ಡಿಯಲ್ಲಿ ಸೇವ್. ಜೆಪೆಗ್ ಮಾಡಿದರೆ ಅಡಗಿದ ಭಾಗ ಹೋಗಿಬಿಡುತ್ತದೆ. 3600×4500 ಮಾಡುವುದು, ಶಾರ್ಪ್ ಮಾಡುವುದು, ಎಸ್‌ಆರ್‌ಜಿಬಿ ಬಣ್ಣದ ಕ್ರಮದಲ್ಲಿ ಜೆಪೆಗ್ ತೆಗೆಯುವುದು ಎಲ್ಲವನ್ನೂ ಒಂದು ಆಕ್ಷನ್‌ನಲ್ಲಿ (ಹಂತಗಳನ್ನು ನೆನಪಿಟ್ಟು ತಾನೇ ಮಾಡುವ ಫೋಟೋಶಾಪ್ ಸೌಲಭ್ಯ) ಕಟ್ಟಿ ರಾತ್ರಿ ಬ್ಯಾಚ್‌ಗೆ ಬಿಡುತ್ತೇನೆ. ಎರಡು ಸಲ ಕೂರುವ ಮಾತೇ ಇಲ್ಲ. ಶಾರ್ಪ್ ಮಾತ್ರ ಅಳತೆ ಆದಮೇಲೆಯೇ. ನನ್ನ ಶಾರ್ಪ್ ಅಂಕಿಗಳು ನನ್ನ ಹತ್ತಿರವೇ ಇರಲಿ, ಕಾಗದಕ್ಕೊಂದು ಬೇರೆ ಇಟ್ಟಿದ್ದೇನೆ.

ಪಿಎಸ್‌ಡಿ ಜಾಗ ತಿನ್ನುತ್ತದೆ, ಒಪ್ಪಿದೆ. ಒಂದು ಮದುವೆಯ ಆಯ್ದ ಫೋಟೋ ಇಷ್ಟೂ ಇಟ್ಟರೆ ಹತ್ತಾರು ಜಿಬಿ. ಆರೇಳು ಸಾವಿರ ಕೊಟ್ಟು ಬೇರೆ ಹಾರ್ಡ್ ಡಿಸ್ಕ್ ತಂದೆ. ಒಂದೇ ಸೀಸನ್‌ನ ಸೋರಿಕೆ ನಿಂತದ್ದಕ್ಕೆ ಆ ದುಡ್ಡು ವಾಪಸ್ ಬಂತು.

ಬಾಸಿಂಗವೂ ಹರಿವಾಣವೂ ಎರಡೂ ಹಿಡಿಸದ ಫೋಟೋ ಬಂದರೆ? ಪೂರ್ತಿ 6000 ಎತ್ತರ ಉಳಿಸಿಕೊಂಡು 4:5 ಮಾಡಬೇಕೆಂದರೆ ಅಗಲ 4800 ಬೇಕು. ಅಂದರೆ ಎಡಕ್ಕೆ 400, ಬಲಕ್ಕೆ 400 ಪಿಕ್ಸೆಲ್ ಹುಟ್ಟಿಸಬೇಕು. ಸುತ್ತಲಿನದನ್ನು ನೋಡಿ ಖಾಲಿ ಜಾಗ ತುಂಬುವ ಕಂಟೆಂಟ್ ಅವೇರ್ ಫಿಲ್ ಹಾಕಿ ನೋಡಿದೆ. ಹಿಂದೆ ಬರೀ ಪರದೆ ಇದ್ದರೆ ಯಾರಿಗೂ ಗೊತ್ತಾಗದ ಹಾಗೆ ತುಂಬುತ್ತದೆ. ಮಂಟಪದ ಕಂಬ ಬಂದರೆ ಕಂಬ ಬಾಗುತ್ತದೆ, ಬಾಳೆಕಂದಿಗೆ ಎರಡು ಬುಡ ಬರುತ್ತದೆ. ಅದಕ್ಕೇ ಈಗ ಮುಹೂರ್ತಕ್ಕೆ ಮುಂಚೆ ಖಾಲಿ ಮಂಟಪದ ಒಂದು ಅಡ್ಡ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಪಕ್ಕದ ತುಂಡು ಅಲ್ಲಿಂದ ಬರುತ್ತದೆ. ಎರಡರ ಬೆಳಕು ಹೊಂದಿಸುವುದು ಹೇಗೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಬೇರೆ ದಾರಿಗಳನ್ನೂ ಬಿಟ್ಟಿಲ್ಲ. ಕಮಾಂಡ್ ಬರೆದು ಫೋಟೋ ತಿದ್ದುವ ಇಮೇಜ್‌ಮ್ಯಾಜಿಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ಕಮಾಂಡ್ ಬರೆದು ಇಡೀ ಫೋಲ್ಡರ್ ಒಟ್ಟಿಗೆ ಕ್ರಾಪ್ ಮಾಡಿದೆ. ನಡುವಿನಿಂದ ಕತ್ತರಿಸಿದಾಗ ತಲೆ ಹೋಯಿತು. ಗ್ರಾವಿಟಿಯನ್ನು ನಾರ್ತ್ ಮಾಡಿದಾಗ, ಅಂದರೆ ಮೇಲಿನ ಅಂಚು ಉಳಿಸಿ ಕೆಳಗಿನಿಂದ ಕತ್ತರಿಸು ಅಂದಾಗ, ಆರತಕ್ಷತೆಯ ನಿಂತ ಫೋಟೋಗಳೆಲ್ಲ ಚೆನ್ನಾಗಿ ಬಂದವು, ಆ ಕೆಲಸಕ್ಕೆ ಈಗಲೂ ಅದನ್ನೇ ಬಳಸುತ್ತೇನೆ. ಕ್ವಾಲಿಟಿ ಕಳೆಯದ ಜೆಪೆಗ್ ಕ್ರಾಪ್ ಪ್ರಯತ್ನಿಸಿದೆ. ಅದು 8 ಅಥವಾ 16 ಪಿಕ್ಸೆಲ್‌ನ ಚೌಕ ನೋಡಿಕೊಂಡೇ ಶುರುವಾಗುತ್ತದೆ, ನಾವು ಹೇಳಿದ ಜಾಗದಲ್ಲಿ ಅಲ್ಲ. 16 ಪಿಕ್ಸೆಲ್ ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರಿಗಿಂತ ಜಾಸ್ತಿ. ಕರೆಕ್ಟ್ ಅಳತೆಗೆ ಅದು ಆಗಿಬರಲಿಲ್ಲ. ಉಚಿತ ಸಾಫ್ಟ್‌ವೇರ್ ಆದ ಗಿಂಪ್‌ನಲ್ಲಿಯೂ ಅನುಪಾತ ಕಟ್ಟಿಹಾಕಿ ಕ್ರಾಪ್ ಮಾಡಬಹುದು. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳಲು ಆಗದವರು ಅದರಲ್ಲೇ ಶುರು ಮಾಡಿ.

ಪಾಸ್‌ಪೋರ್ಟ್ ಫೋಟೋ ಮಾತ್ರ ಉಲ್ಟಾ. ಅಲ್ಲಿ ಅಳತೆಯೇ ಮೊದಲು. 35×45 ಮಿಲಿಮೀಟರ್, 300 ಡಿಪಿಐಗೆ 413×531 ಪಿಕ್ಸೆಲ್. ಮ್ಯಾಕ್ಸಿ ಅಂದರೆ 6×4 ಇಂಚಿನ ಕಾಗದ, 1800×1200 ಪಿಕ್ಸೆಲ್, ನಾಲ್ಕು ಕಾಲಂ ಎರಡು ಸಾಲು, ಎಂಟು ಕಾಪಿ. ಕತ್ತರಿಗೆ ಜಾಗವೂ ಉಳಿಯುತ್ತದೆ.

ಸ್ಕೂಲ್ ಗ್ರೂಪ್ ಫೋಟೋಗೆ ಇದೇ ಲೆಕ್ಕ ಹಾಕಿದೆ. 12×10 ಅಡ್ಡ ಪ್ರಿಂಟಿಗೆ 6000 ಅಗಲದಲ್ಲಿ ಉಳಿಯುವುದು 4800. ಒಂದೊಂದು ಪಕ್ಕಕ್ಕೆ 600 ಹೋದರೆ ಸಾಲಿನ ತುದಿಯ ಮಕ್ಕಳು ಹೋದರು. ಮಗು ಕಟ್ ಆದ ಫೋಟೋವನ್ನು ಯಾವ ಅಪ್ಪ ಅಮ್ಮ ತಗೊಳ್ಳುತ್ತಾರೆ? ಕಂಪ್ಯೂಟರಿನಲ್ಲಿ ಇದಕ್ಕೆ ಪರಿಹಾರ ಇಲ್ಲ. ಮೇಷ್ಟ್ರ ಹತ್ತಿರ ಮೊದಲೇ ಮಾತಾಡಿ, ಮೂರು ಸಾಲಿನ ಬದಲು ನಾಲ್ಕು ಸಾಲು ನಿಲ್ಲಿಸುತ್ತೇನೆ. ಹಿಂದಿನವರಿಗೆ ಬೆಂಚು. ಮದುವೆ ಬುಕಿಂಗ್ ಬರೆದುಕೊಳ್ಳುವಾಗಲೂ ಈಗ ಫ್ರೇಮ್ ಸೈಜ್ ಕೇಳಿ ಬರೆದುಕೊಳ್ಳುತ್ತೇನೆ. 12×15 ಅಂದರೆ ಧಾರೆ ಹೊತ್ತಿಗೆ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಹೋದ ಸೀಸನ್‌ನಲ್ಲಿ ಕಟ್ ಆಯಿತು ಅಂತ ಒಂದು ಫ್ರೇಮೂ ವಾಪಸ್ ಬರಲಿಲ್ಲ. ಟೈಮಿಲ್ಲ ಅಂದಿದ್ದ ಗೆಳೆಯರಲ್ಲಿ ಇಬ್ಬರು ಕೆಂಪು ಪಟ್ಟಿಯ ಫೈಲ್ ಕೇಳಿ ತಗೊಂಡು ಹೋದರು. ಗೆರೆ ಫೋಟೋವನ್ನು ಅವರವರ ಲ್ಯಾಬಿನಲ್ಲೇ ಪ್ರಿಂಟ್ ಹಾಕಿಸಿ ಪಟ್ಟಿಯ ಅಗಲ ಬದಲಾಯಿಸಿಕೊಳ್ಳಿ ಅಂತ ಹೇಳಿ ಕಳಿಸಿದ್ದೇನೆ.